ಕ್ವಾರಿಯ ಅಪಾಯ ಅಳೆಯಬೇಕಾ? ಮೊದಲು ಮೇಲಂಚಿಗೆ ಹೋಗಿ

ಕಲ್ಲು ಕ್ವಾರಿಯ ಅಪಾಯಗಳ ಪಟ್ಟಿ ಶೆಡ್ಡಿನೊಳಗೇ ತಯಾರಾಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಹೋದ ವರ್ಷದ ಹಾಳೆ, ಹೊಸ ತಾರೀಕು, ಒಂದು ಸಹಿ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆಯ ಮಡಹಳ್ಳಿ ಗುಡ್ಡ ಕುಸಿದು ಕೆಲಸಗಾರರು ಬಂಡೆಗಳಡಿ ಸಿಕ್ಕಿಕೊಂಡರು. ಹಾಳೆ ಆಮೇಲೆ, ಮೊದಲು ಕ್ವಾರಿ ಸುತ್ತಿ ಬನ್ನಿ.

1. ಯಾರು, ಎಲ್ಲಿ, ಏನು ಮಾಡುತ್ತಾರೆ ಅಂತ ಬರೆದುಕೊಳ್ಳಿ. ಟಿಪ್ಪರ್ ಕ್ಲೀನರ್‌ನನ್ನು ಮರೆಯಬೇಡಿ.

2. ಈಗ ಗೋಡೆ, ಅಂದರೆ ಕಲ್ಲು ಕಡಿದ ಮೇಲೆ ಉಳಿಯುವ ಕಡಿದಾದ ಬಂಡೆಯ ಮುಖ. ಎಲ್ಲರೂ ಎಡವುವುದು ಇಲ್ಲೇ. ಕೆಳಗೆ ನಿಂತು ಕತ್ತೆತ್ತಿದರೆ ಅರ್ಧವೂ ಕಾಣುವುದಿಲ್ಲ. ಮೇಲೆ ಹೋಗಿ, ಅಂಚಿನಿಂದ ದೂರ ನಿಂತು, ಅಂಚಿನ ಉದ್ದಕ್ಕೂ ಓಡುವ ಬಿರುಕು ಹುಡುಕಿ. ಹಳೆಯದರಲ್ಲಿ ಹುಲ್ಲು, ಕಸ ತುಂಬಿರುತ್ತದೆ. ಹೊಸದರ ಬಾಯಿ ಚೂಪು, ಒಳಗಿನ ಕಲ್ಲು ಬೆಳ್ಳಗೆ. ಹೊಸ ಬಿರುಕು ಕಂಡರೆ ಅಪಾಯಕ್ಕೆ ಅಂಕ (5ನೇ ಹಂತ) ಹಾಕುತ್ತಾ ಕೂರಬೇಡಿ. ಅದನ್ನು ದಾಟಿ ಆಚೆ ಕಾಲಿಡಲೇಬೇಡಿ. ಕೆಳಗಿನವರನ್ನು ತಕ್ಷಣ ಹೊರಗೆ ಕರೆಸಿ.

ಅಂಚಿನಿಂದ 3 ಮೀಟರ್‌ ಒಳಗೆ ಮರ, ಸಡಿಲ ಕಲ್ಲು ಇರಬಾರದು. 1961ರ ಗಣಿ ನಿಯಮದಲ್ಲೇ ಇದೆ. ಬುಡ ಕೊರೆದು ಮೇಲಿನ ಬಂಡೆಯನ್ನು ಚಾಚಿದಂತೆ ಬಿಡುವುದೂ ತಪ್ಪು. ಬೇಗ ಕಲ್ಲು ಸಿಗಲಿ ಅಂತ ಹೀಗೆ ಮಾಡುವವರು ಜಾಸ್ತಿ.

ಆಮೇಲೆ ಅನುಭವಸ್ಥರ ಕೈಯಲ್ಲಿ, ಗಟ್ಟಿ ನೆಲದ ಮೇಲೆ ನಿಂತು, ಹಾರೆಯಿಂದ ಕಲ್ಲು ತಟ್ಟಿಸಿ. ಠಣ್ ಅಂದರೆ ಗಟ್ಟಿ. ಬೊದ್ ಅಂದರೆ ಕಲ್ಲಿನ ಹಿಂಬದಿ ಸಡಿಲಾಗಿದೆ, ಕೆಡವಲೇಬೇಕು. ಕೆಡವುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ. ಡ್ರಿಲ್ ಹೊಡೆಯುವವರನ್ನೂ ಕೇಳಿ: "ಎಲ್ಲಿ ನಿಲ್ಲೋಕೆ ಭಯ ಆಗುತ್ತಣ್ಣಾ?" ಅವರು ತೋರಿಸುವ ಜಾಗ ಹಾಳೆಯಲ್ಲಿ ಬರಲೇಬೇಕು.

3. ಜಿಲೆಟಿನ್ (ಬಂಡೆ ಸಿಡಿಸುವ ಸ್ಫೋಟಕ) ಮುಟ್ಟುವವರು ಯಾರು, ಬ್ಲಾಸ್ಟಿಂಗ್ ಹೊತ್ತಲ್ಲಿ ಜನ ಎಲ್ಲಿರುತ್ತಾರೆ, ಟಿಪ್ಪರ್ ಎಲ್ಲಿ ಹಿಂದಕ್ಕೆ ಬರುತ್ತದೆ ನೋಡಿ.

4. ದೂಳು. ಮುಖಕ್ಕೆ ಕಟ್ಟಿದ ಕರ್ಚೀಫು ಕಲ್ಲಿನಿಂದ ಏಳುವ ಸಣ್ಣ ಸಿಲಿಕಾ ದೂಳನ್ನು ತಡೆಯುವುದಿಲ್ಲ. ಅಗ್ಗದ ಬಟ್ಟೆ ಮಾಸ್ಕನ್ನು ಖರೀದಿಸಲೇಬೇಡಿ. ಡ್ರಿಲ್ ಮಾಡುವಾಗ ನೀರು ಬಿಡಿ, ಅದರ ಜೊತೆಗೆ ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಕೊಡಿ. ಈ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್. ಅದು ಒಮ್ಮೆ ಬಂದರೆ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ.

5. ಈಗ ಅಂಕ: ಆಗುವ ಸಾಧ್ಯತೆ ಎಷ್ಟು, ಆದರೆ ಏಟು ಎಷ್ಟು, ಎರಡನ್ನೂ ಗುಣಿಸಿ. 1ರಿಂದ 3ರ ಅಳತೆ ಸಾಕು, ದೊಡ್ಡ ಕೋಷ್ಟಕದಲ್ಲಿ ಬರೀ ಜಗಳವೇ ಆಗುತ್ತದೆ. ಹೆಲ್ಮೆಟ್ ಕೊಟ್ಟಿದ್ದೇವೆ ಅಂತ ಗೋಡೆ ಕುಸಿತದ ಅಂಕ ಇಳಿಸಬೇಡಿ. ಟನ್‌ಗಟ್ಟಲೆ ಬಂಡೆಗೆ ಹೆಲ್ಮೆಟ್ ಯಾವ ಲೆಕ್ಕ? ಅಂಕ ಇಳಿಯಬೇಕಾದರೆ ಸಡಿಲ ಕಲ್ಲು ಕೆಡವಿರಬೇಕು, ಬೆಂಚು (ಗೋಡೆಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತ) ಸರಿ ಮಾಡಿರಬೇಕು.

ಹಾಳೆಯ ಪ್ರತಿ ಸಾಲಿನ ಎದುರು ಅದನ್ನು ಸರಿಪಡಿಸುವ ಒಬ್ಬರ ಹೆಸರು, ಒಂದು ತಾರೀಕು ಬರೆಯಿರಿ. ಬೇರೆ ರಾಜ್ಯದ ಹುಡುಗರಿದ್ದರೆ ಅವರ ಭಾಷೆಯಲ್ಲಿ ಓದಿ ಹೇಳಿ. ಜೋರು ಮಳೆ ಬಂದ ಮೇಲೆ, ಬ್ಲಾಸ್ಟ್ ಆದ ಮೇಲೆ, ಯಾರನ್ನೂ ಕೆಳಗಿಳಿಸುವ ಮೊದಲು 2ನೇ ಹಂತವನ್ನು ಮತ್ತೆ ಮಾಡಿ.