ಕೈಬರಹದ ಸ್ಕೋರ್‌ನಿಂದ ಪಾರ್ಟ್ ತೆಗೆದ ಕಥೆ: ತಾಳ ಹಾಕಿ, ಹಿಂದಿನಿಂದ ಓದಿ

ಕಳೆದ ನವೆಂಬರ್‌ನಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಒಂದು ಚರ್ಚ್ ಹಾಲ್‌ನಲ್ಲಿ ಮೂವತ್ತೆಂಟೋ ನಲವತ್ತೋ ಜನ ಕೂತು ಎಂಟು ನಿಮಿಷದ ಒಂದು ಆರ್ಕೆಸ್ಟ್ರಾ ಪೀಸ್ ನುಡಿಸಿದರು. ಎಲ್ಲ ವಾದ್ಯಗಳ ಗೆರೆಗಳೂ ಒಟ್ಟಿಗಿರುವುದು ಸ್ಕೋರ್, ಅದರಿಂದ ಒಂದೊಂದು ವಾದ್ಯಕ್ಕೆ ಬೇರೆ ಮಾಡಿಕೊಡುವ ಹಾಳೆ ಪಾರ್ಟ್. ಪಾರ್ಟ್‌ನಲ್ಲಿ ತಪ್ಪಿದೆ ಅಂತ ರಿಹರ್ಸಲ್ ನಿಂತದ್ದು ಮೂರೇ ಸಲ. ಆ ಪಾರ್ಟ್‌ಗಳನ್ನೆಲ್ಲ ವೇಲ್ಸ್‌ನ ಸಂಯೋಜಕಿ ಗ್ರೇಸ್ ವಿಲಿಯಮ್ಸ್ ಅವರ ಕೈಬರಹ ನೋಡಿ ತೆಗೆದದ್ದು ನಾನೊಬ್ಬಳೇ. 'ನಿನ್ನ ಕೈಲಿ ಆಗಲ್ಲ, ದುಡ್ಡು ಕೊಟ್ಟು ಮಾಡಿಸು' ಅಂದವರು ಕನಿಷ್ಠ ನಾಲ್ಕು ಜನ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೀಸ್‌ನ ಹೆಸರು ಹೇಳುವುದಿಲ್ಲ. ಅದು ಅಚ್ಚಾಗಿಲ್ಲ, ಹಕ್ಕುದಾರರ ಜೊತೆ ಮಾತುಕತೆ ಇನ್ನೂ ನಡೆಯುತ್ತಿದೆ. ಗ್ರೇಸ್ ವಿಲಿಯಮ್ಸ್ ತೀರಿಕೊಂಡದ್ದು 1977ರಲ್ಲಿ, ಹಾಗಾಗಿ 2047 ಮುಗಿಯುವ ತನಕ ಕಾಪಿರೈಟ್ ಹಕ್ಕು ಇರುತ್ತದೆ. ಅನುಮತಿ ಕೈಗೆ ಬರುವ ಮುಂಚೆ ಒಂದು ಬಾರ್ (ನೊಟೇಶನ್‌ನಲ್ಲಿ ತಾಳದ ಒಂದು ಆವರ್ತದಂಥ ಭಾಗ) ಕೂಡ ಕಂಪ್ಯೂಟರ್‌ಗೆ ಎಂಟ್ರಿ ಮಾಡಬೇಡಿ. ನಾನು ಆತುರಪಟ್ಟು ಮೊದಲೇ ಶುರು ಮಾಡಿ ಐದು ತಿಂಗಳು ನಿದ್ದೆಗೆಟ್ಟಿದ್ದೇನೆ.

ಇವರೇ ಯಾಕೆ ಅಂದರೆ, ಸಮುದ್ರ ದಂಡೆಯ ಬ್ಯಾರಿ ಅನ್ನುವ ಊರು ನಮ್ಮ ಮನೆಯಿಂದ ರೈಲಿನಲ್ಲಿ ಅರ್ಧ ಗಂಟೆ. ಅವರು ಹುಟ್ಟಿದ್ದು ಅಲ್ಲೇ, 1906ರಲ್ಲಿ. ಲಂಡನ್‌ನಲ್ಲಿ ಸಂಯೋಜಕ ವಾನ್ ವಿಲಿಯಮ್ಸ್ ಹತ್ತಿರ, ಆಮೇಲೆ ವಿಯೆನ್ನಾದಲ್ಲಿ ಇನ್ನೊಬ್ಬ ಸಂಯೋಜಕ ಎಗಾನ್ ವೆಲೆಸ್ ಹತ್ತಿರ ಕಲಿತರು. ಲಂಡನ್‌ನಲ್ಲಿ ಮೇಷ್ಟ್ರಾಗಿದ್ದರು. ಯುದ್ಧ ಬಂದಾಗ ಶಾಲೆಯ ಹುಡುಗಿಯರ ಜೊತೆ ಗ್ರ್ಯಾಂಥಮ್‌ಗೆ ಹೋದರು. 1947ರ ಹೊತ್ತಿಗೆ ಬ್ಯಾರಿಗೇ ವಾಪಸ್ ಬಂದು ಕೊನೆಯ ತನಕ ಅಲ್ಲೇ ಉಳಿದರು. 1944ರ 'ಸೀ ಸ್ಕೆಚಸ್' ಅನ್ನು ನಾನು ಸೆಕೆಂಡ್ ವಯೊಲಿನ್‌ನಲ್ಲಿ ಕೂತು ನುಡಿಸಿದ್ದೇನೆ. ಬರೀ ತಂತಿ ವಾದ್ಯಗಳಿಗೆ ಬರೆದ ಐದು ಭಾಗ. ಕೊನೆಯದು ಬೇಸಿಗೆಯ ಶಾಂತ ಸಮುದ್ರ. ಅದನ್ನು ನುಡಿಸಿದ ಮರುದಿನ ಬ್ಯಾರಿಯ ದಂಡೆಗೆ ಹೋಗಿ ಸುಮ್ನೆ ಕೂತಿದ್ದೆ. ಹುಚ್ಚು ಹಿಡಿದದ್ದು ಆವತ್ತೇ.

ಇನ್ನೊಂದು ಕಾರಣ 1951ರ ಮೇ 10. ಅವತ್ತು ಅವರು ತಮ್ಮ ಹಸ್ತಪ್ರತಿಗಳನ್ನೆಲ್ಲ ಮುಂದಿಟ್ಟುಕೊಂಡು, ನುಡಿಸಲು ಯೋಗ್ಯವಲ್ಲ ಅನ್ನಿಸಿದ್ದರಲ್ಲಿ ಬಹುಪಾಲನ್ನು ನಾಶ ಮಾಡಿಬಿಟ್ಟರು. ಡೈರಿಯಲ್ಲಿ ಅದನ್ನು ವಿನಾಶದ ದಿನ ಅಂತ ಬರೆದುಕೊಂಡರು. ಅಷ್ಟು ಕಠಿಣವಾಗಿ ತಮ್ಮ ಕೆಲಸವನ್ನೇ ಜರಡಿ ಹಿಡಿದವರು ಇವರು. ಅಂಥವರ ಹಾಳೆಯಲ್ಲಿ ನನಗೆ ಒಂದು ನೋಟ್ ತಪ್ಪು ಅನ್ನಿಸಿದರೆ, ತಪ್ಪು ಮೊದಲು ನನ್ನ ಕಣ್ಣಿನಲ್ಲೇ ಇರಬೇಕು, ಅಲ್ವಾ?

ಇದನ್ನು ಕಲಿಯಲು ನನಗೆ ಎರಡು ವರ್ಷ ಮತ್ತು ಸಾವಿರ ಪೌಂಡ್‌ಗೆ ಹತ್ತಿರ ಖರ್ಚಾಯಿತು.

ಮೊದಲ ಸಲ ಎಲ್ಲರೂ ಮಾಡುವ ಹಾಗೇ ಮಾಡಿದೆ. ಸ್ಕೋರ್‌ನ ಮೊದಲ ಪುಟದಿಂದ ಹಿಡಿದು ಪುಟಪುಟವಾಗಿ, ಮೇಲಿನಿಂದ ಕೆಳಗೆ, ಫ್ಲೂಟ್‌ನಿಂದ ಬೇಸ್ ತನಕ ಎಂಟ್ರಿ. ಸಾಫ್ಟ್‌ವೇರ್‌ನ ಪ್ಲೇಬ್ಯಾಕ್ ಕೇಳಿದೆ, ಚೆನ್ನಾಗಿದೆ ಅನ್ನಿಸಿತು. ಪಾರ್ಟ್ ಎಕ್ಸ್‌ಟ್ರ್ಯಾಕ್ಟ್ ಮಾಡಿ ಪ್ರಿಂಟ್ ಹಾಕಿಸಿದೆ. ಮೊದಲ ರಿಹರ್ಸಲ್‌ನಲ್ಲಿ ನಲವತ್ತೊಂದು ತಪ್ಪು. ಹಾಲ್ ಬಾಡಿಗೆ ಎರಡೂವರೆ ಗಂಟೆಗೆ ಸುಮಾರು 90 ಪೌಂಡ್, ಅದರಲ್ಲಿ ಅರ್ಧ ಹೊತ್ತು 'ನಿನಗೆ ಇಲ್ಲಿ ಏನಿದೆ, ನನಗೆ ಬಿ ಫ್ಲಾಟ್ ಇದೆ' ಅನ್ನುವುದರಲ್ಲೇ ಹೋಯಿತು. ಕಂಡಕ್ಟರ್ ಪಾರ್ಟ್‌ಗಳನ್ನು ವಾಪಸ್ ಕಟ್ಟಿ ನನ್ನ ಕೈಗೆ ಕೊಟ್ಟರು. ಆ ಸೀಸನ್‌ನಲ್ಲಿ ಪೀಸ್ ಬರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ಒಬ್ಬ ಕಾಪಿಯಿಸ್ಟ್‌ಗೆ (ನೊಟೇಶನ್ ನಕಲು ತೆಗೆದುಕೊಡುವವರು) 350 ಪೌಂಡ್ ಕೊಟ್ಟು ನೋಡಿಸಿದೆ. ಎರಡು ವಾರದಲ್ಲಿ ಫೈಲ್ ಬಂತು. ನೋಡಲು ಬಹಳ ಚೆಂದ. ಆದರೆ ಅನುಮಾನ ಬಂದಲ್ಲೆಲ್ಲ ಹಾರ್ಮನಿ ಸರಿಹೊಂದುವ ಹಾಗೆ ಕೇಳದೇ ತಿದ್ದಿದ್ದರು. ಎರಡು ಕಡೆ ಒಂದು ಅರ್ಧ ಸ್ವರದ ತಿಕ್ಕಾಟ ಬೇಕೆಂದೇ ಇದ್ದದ್ದು ಮಾಯವಾಗಿತ್ತು. ಆ ದುಡ್ಡು ಹೋಯಿತು.

ಕೈಬರಹ ಓದುವ ಸಾಫ್ಟ್‌ವೇರ್‌ಗಳನ್ನೂ ನೋಡಿದೆ, ಮೂರು ಬೇರೆ ಬೇರೆ. ಅಚ್ಚಿನ ಪುಟ ಕೊಟ್ಟರೆ ಪರವಾಗಿಲ್ಲ. ಕೈಬರಹ ಕೊಟ್ಟರೆ ತಿದ್ದುವ ಹೊತ್ತು ಎಂಟ್ರಿ ಮಾಡುವ ಹೊತ್ತಿಗಿಂತ ಜಾಸ್ತಿ.

ಹಾಗಾಗಿ ಮತ್ತೆ ಮೊದಲಿನಿಂದ. ಅಬರಿಸ್ಟ್‌ವಿತ್‌ನಲ್ಲಿ ಗುಡ್ಡದ ಮೇಲೆ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ ಇದೆ, ಗ್ರೇಸ್ ವಿಲಿಯಮ್ಸ್ ಅವರ ಹಸ್ತಪ್ರತಿಗಳು ಇರುವುದು ಅಲ್ಲಿ. ರೀಡರ್ ಟಿಕೆಟ್‌ಗೆ ದುಡ್ಡಿಲ್ಲ, ಹೋಗಿ ಬರುವುದಕ್ಕೆ ಇದೆ. ಕಾರ್ಡಿಫ್‌ನಿಂದ ರೈಲು ಹಿಡಿದರೆ ಇಂಗ್ಲೆಂಡ್‌ನ ಶ್ರೂಸ್‌ಬರಿಗೆ ಹೋಗಿ, ಅಲ್ಲಿ ಬದಲಿಸಿ, ಮತ್ತೆ ವೇಲ್ಸ್‌ಗೆ ಬರಬೇಕು. ನಾಲ್ಕು ಗಂಟೆಗೂ ಮೇಲೆ. ರಾತ್ರಿ ಉಳಿಯುವುದೂ ಸೇರಿ ಒಂದು ಸಲಕ್ಕೆ 110–120 ಪೌಂಡ್ ಆಗುತ್ತಿತ್ತು. ನಾಲ್ಕು ಸಲ ಹೋದೆ. ಎರಡು ಸಲದಲ್ಲಿ ಮುಗಿಸಬಹುದಿತ್ತು. ಮೊದಲ ಸಲ ಸ್ಕೋರ್ ಮಾತ್ರ ತರಿಸಿ ನೋಡಿದ್ದೇ ತಪ್ಪು. ಅದರ ಜೊತೆ ಹಳೆಯ ಪಾರ್ಟ್‌ಗಳು, ಸ್ಕೆಚ್ (ಕರಡು), ಪಿಯಾನೋ ರಿಡಕ್ಷನ್ (ಪಿಯಾನೋ ಒಂದಕ್ಕೇ ಇಳಿಸಿದ ರೂಪ) ಏನಿದ್ದರೂ ಒಂದೇ ದಿನ ಕೇಳಿಬಿಡಿ. ಹಳೆಯ ಪಾರ್ಟ್‌ಗಳಲ್ಲಿ ನುಡಿಸಿದವರು ಪೆನ್ಸಿಲ್‌ನಲ್ಲಿ ತಿದ್ದಿದ್ದೇ ನನಗೆ ಸಿಕ್ಕ ದೊಡ್ಡ ನಿಧಿ. ಆವತ್ತು ರಿಹರ್ಸಲ್‌ನಲ್ಲಿ ಸಿಕ್ಕ ತಪ್ಪು ಅವು, ನಮಗೆ ಪುಕ್ಕಟೆ.

ಹಸ್ತಪ್ರತಿಯ ಫೋಟೋದ ವಿಷಯದಲ್ಲಿ ಒಂದೇ ಮಾತು. ಕಂಡಕ್ಟರ್‌ಗಳು ಕೆಂಪು, ನೀಲಿ ಪೆನ್ಸಿಲ್‌ನಲ್ಲಿ ದೊಡ್ಡದಾಗಿ ಗೀಚಿರುತ್ತಾರೆ, ನೋಟ್ ಅದರ ಅಡಿಗೆ ಸಿಕ್ಕಿಕೊಂಡಿರುತ್ತದೆ. ಫೋಟೋದ ಬಣ್ಣಗಳನ್ನು ಬಿಡಿಸಿ ಕೆಂಪು ಚಾನೆಲ್ ಒಂದನ್ನೇ ನೋಡಿ. ಕೆಂಪು ಗೀಚು ಹೆಚ್ಚುಕಡಿಮೆ ಮಾಯವಾಗಿ ಕಪ್ಪು ಶಾಯಿ ಮಾತ್ರ ನಿಲ್ಲುತ್ತದೆ. ನೀಲಿಗೆ ನೀಲಿ ಚಾನೆಲ್. ಡೈಲೈನ್ ಪ್ರತಿಗಳು ಮಾತ್ರ ಗೋಳು. ಪಾರದರ್ಶಕ ಹಾಳೆಯಿಂದ ತೆಗೆದ ಆ ಕಾಲದ ಪ್ರತಿಗಳು ಹಳದಿಯಾಗಿ ಗೆರೆ ಮಾಸಿಹೋಗಿರುತ್ತವೆ. ಮೂಲ ಹಾಳೆಯಲ್ಲಿ ಬ್ಲೇಡಿನಿಂದ ಕೆರೆದು ತಿದ್ದಿದ ಜಾಗದಲ್ಲಿ ಹಳೆಯ ನೋಟ್‌ನ ನೆರಳೂ ಕೆಲವು ಸಲ ಉಳಿದಿರುತ್ತದೆ. ಅದನ್ನು ನೋಟ್ ಅಂತ ಎಣಿಸಿ ನಾನು ಒಟ್ಟಿಗೆ ನುಡಿಯುವ ಒಂದು ಸ್ವರಗುಚ್ಛಕ್ಕೆ ಐದನೇ ಸ್ವರ ಸೇರಿಸಿದ್ದೆ.

ಈಗ ಮುಖ್ಯ ವಿಷಯ. ಈ ಸಲ ಪುಟಪುಟವಾಗಿ ಮಾಡಲಿಲ್ಲ. ಒಂದು ವಾದ್ಯ ಹಿಡಿದರೆ ಮೊದಲ ಬಾರ್‌ನಿಂದ ಕೊನೆಯ ಬಾರ್ ತನಕ ಆ ಒಂದೇ ಗೆರೆ. ಎಂಟ್ರಿಗೆ ಮುಂಚೆ ಆ ಗೆರೆಯನ್ನು ಕೈಯಲ್ಲಿ ತಾಳ ಹಾಕಿ ಸೊಲ್ಕಟ್ಟಿನಲ್ಲಿ (ಲಯವನ್ನು ಬಾಯಲ್ಲಿ ಹೇಳುವ ಅಕ್ಷರಗಳಲ್ಲಿ) ಹೇಳುವುದು. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಕರ್ನಾಟಕ ಸಂಗೀತದ ವಯೊಲಿನ್ ಕಲಿತಿದ್ದೆ, ಅದು ಇಲ್ಲಿ ಕೈಹಿಡಿಯಿತು. ನಾಲ್ಕಕ್ಕೆ ತಕದಿಮಿ, ಟ್ರಿಪ್ಲೆಟ್‌ಗೆ (ಎರಡರ ಜಾಗದಲ್ಲಿ ಮೂರು ಸ್ವರ) ತಕಿಟ, ಐದಕ್ಕೆ ತಕತಕಿಟ. ಕೈಬರಹದಲ್ಲಿ ನೋಟ್‌ನ ಕಾಲ ಹೆಚ್ಚಿಸುವ ಒಂದು ಚುಕ್ಕೆ ಬಿಟ್ಟುಹೋಗಿದ್ದರೆ, ಟ್ರಿಪ್ಲೆಟ್‌ನ 3 ಬರೆಯದೇ ಇದ್ದರೆ, ಕಣ್ಣು ತಾನಾಗೇ ಸರಿಪಡಿಸಿಕೊಂಡು ಮುಂದೆ ಹೋಗುತ್ತದೆ. ಬಾಯಿ ಹೋಗುವುದಿಲ್ಲ. ಅಕ್ಷರ ಮಿಕ್ಕುತ್ತದೆ, ಇಲ್ಲ ಸಾಲುವುದಿಲ್ಲ, ಅಲ್ಲೇ ನಿಲ್ಲುತ್ತೀರಿ. ಮೊದಲ ಸಲದ ನಲವತ್ತೊಂದರಲ್ಲಿ ಹದಿನೈದು ಹದಿನಾರು ಬರೀ ಲಯದ ತಪ್ಪು. ಅವೆಲ್ಲ ಈ ದಾರಿಯಲ್ಲಿ ಮೊದಲ ವಾರವೇ ಸಿಕ್ಕವು.

ಇಲ್ಲಿನ ಮಂಗಳೂರಿನ ಹುಡುಗನೊಬ್ಬ, ಚರ್ಚ್ ಕ್ವಾಯರ್‌ಗೆ ಶೀಟ್ ಮಾಡಿಕೊಡುವವನು, ಫೋನಿನಲ್ಲಿ ಕೇಳಿ ನಕ್ಕಿದ್ದ. 'ಅಕ್ಕಾ, ವೆಲ್ಶ್ ಸಂಗೀತಕ್ಕೆ ತಕದಿಮಿನಾ?' ಈಗ ಅವನೂ ಅದನ್ನೇ ಮಾಡುತ್ತಾನೆ.

ಸ್ವರಕ್ಕೂ ಹಾಗೇ. ಕೆಲವು ವಾದ್ಯಗಳಿಗೆ ಬರೆದ ಸ್ವರ ಒಂದು, ಕೇಳಿಸುವುದು ಇನ್ನೊಂದು; ಎಫ್ ಹಾರ್ನ್‌ಗೆ ಐದು ಸ್ವರ ಕೆಳಗೆ. ಎಫ್ ಹಾರ್ನ್‌ನ ಗೆರೆಯನ್ನು ಮನಸ್ಸಿನಲ್ಲಿ ಲೆಕ್ಕ ಹಾಕಿ ಬದಲಿಸುತ್ತಾ ಕೂತರೆ ತಲೆ ಕೆಡುತ್ತದೆ. ಸಿ ನಮ್ಮ ಷಡ್ಜ ಅಂದುಕೊಂಡರೆ ಎಫ್ ಅಂದರೆ ಮಧ್ಯಮ, ಅಂದರೆ ಹಾರ್ನ್ ನುಡಿಸುತ್ತಿರುವುದು ಮಧ್ಯಮ ಶ್ರುತಿ, ಮಂದ್ರದಲ್ಲಿ. ಹಾಗೆ ಹಾಡಿಕೊಂಡರೆ ಮುಗಿಯಿತು. ಬಿ ಫ್ಲಾಟ್ ಕ್ಲಾರಿನೆಟ್‌ಗೆ ಕೈಶಿಕಿ ನಿಷಾದವೇ ಷಡ್ಜ. ಹಾರ್ನ್ ಬೇಸ್ ಕ್ಲೆಫ್‌ಗೆ (ತಗ್ಗಿನ ಸ್ವರಗಳನ್ನು ಬರೆಯುವ ಗುರುತು) ಇಳಿದಾಗ ಮಾತ್ರ ಹುಷಾರು. ಹಳೆಯ ಪದ್ಧತಿಯಲ್ಲಿ ಬರೆದಿದ್ದರೆ ಅದು ಐದು ಕೆಳಗಲ್ಲ, ನಾಲ್ಕು ಮೇಲೆ. ಮೊದಲ ಸಲ ಒಂದಿಡೀ ಹಾರ್ನ್ ಸಾಲು ಒಂದು ಆಕ್ಟೇವ್ ಕೆಳಗೆ ಗೊರಕೆ ಹೊಡೆದದ್ದು ಇದರಿಂದಲೇ.

ಸುಸ್ತು ಹೊಡೆಸುವುದು ಖಾಲಿ ಬಾರ್‌ಗಳು. ಸಂಯೋಜಕರು ಕೈನೋವು ಉಳಿಸಲು ಹಿಂದಿನ ಬಾರ್‌ಗಳ ಮೇಲೆ ಎ, ಬಿ, ಸಿ ಅಂತ ಗುರುತು ಹಾಕಿ, ಮುಂದೆ ಅದೇ ಅಕ್ಷರ ಬರೆದು ಬಾರ್ ಖಾಲಿ ಬಿಡುತ್ತಾರೆ. ಕಾಪಿ–ಪೇಸ್ಟ್ ಮಾಡಬೇಡಿ. ಹಾರ್ಪ್ ಹಾಗೇ ಮತ್ತೆ ಬರುತ್ತದೆ, ಆದರೆ ಡೈನಮಿಕ್ಸ್ (ಜೋರು, ಮೆಲುವಿನ ಗುರುತು) ಬೇರೆ ಇರಬಹುದು, ವಯೋಲಾದವರು ಮ್ಯೂಟ್ (ದನಿ ತಗ್ಗಿಸುವ ಕ್ಲಿಪ್) ತೆಗೆದಿರಬಹುದು. ನಾನು ಅಂಥ ಬಾರ್‌ಗಳನ್ನೆಲ್ಲ ಕೈಯಲ್ಲೇ ಮತ್ತೆ ಎಂಟ್ರಿ ಮಾಡಿದೆ.

ಇನ್ನು ಪ್ರೂಫ್. ಹಿಂದಿನಿಂದ ಮುಂದಕ್ಕೆ. ಕೊನೆಯ ಬಾರ್, ಅದರ ಹಿಂದಿನದು, ಅದರ ಹಿಂದಿನದು. ರಾಗ ಸಿಗುವುದಿಲ್ಲ, ಅದೇ ಲಾಭ. ರಾಗ ಸಿಕ್ಕಿದರೆ ಮನಸ್ಸು ಮುಂದಿನ ನೋಟ್ ಊಹಿಸುತ್ತದೆ, ಊಹಿಸಿದ್ದೇ ಕಾಣುತ್ತದೆ. ಒಂದು ಪಾರ್ಟ್‌ಗೆ ಎರಡು ಸಂಜೆ ಹಿಡಿಯಿತು. ಅನುಮಾನ ಬಂದಲ್ಲಿ ತಿದ್ದಲಿಲ್ಲ, ನೋಟ್‌ಬುಕ್‌ನಲ್ಲಿ ಬಾರ್ ನಂಬರ್ ಬರೆದೆ. ಅರವತ್ತರ ಹತ್ತಿರ ಆದವು. ಅದರಲ್ಲಿ ಮುಕ್ಕಾಲು ಪಾಲು ಕಡೆ ಅವರು ಬರೆದದ್ದೇ ಸರಿ ಇತ್ತು.

ಸ್ಲರ್ (ಸ್ವರಗಳನ್ನು ಜೋಡಿಸುವ ಬಾಗಿದ ಗೆರೆ) ಎಲ್ಲಿ ಮುಗಿಯುತ್ತದೆ ಅಂತ ತೀರ್ಮಾನಿಸಲು ನನ್ನದೇ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಪಾರ್ಟ್‌ಗಳ ಬೋ (ವಯೊಲಿನ್ ಕಮಾನಿನ) ಗುರುತಿಗೂ ಅದಕ್ಕೂ ಸಂಬಂಧ ಇದೆ, ಇಷ್ಟು ಸಾಕು.

ಮಧ್ಯೆ ಒಂದು ತಿಂಗಳು ದಾರಿ ತಪ್ಪಿ ಪೆನಿಲ್ಲಿಯನ್ ಹಿಂದೆ ಹೋಗಿದ್ದೆ. ಅದು ವೇಲ್ಸ್‌ನ ಒಂದು ಹಳೆಯ ಹಾಡುವ ಪದ್ಧತಿ. ಹಾರ್ಪ್ ಒಂದು ಧಾಟಿ ಶುರು ಮಾಡುತ್ತದೆ, ಹಾಡುವವರು ತಡವಾಗಿ ಬೇರೆಯದೇ ಧಾಟಿಯಲ್ಲಿ ಸೇರಿಕೊಳ್ಳುತ್ತಾರೆ, ಮುಗಿಯುವುದು ಮಾತ್ರ ಒಟ್ಟಿಗೆ. ಗ್ರೇಸ್ ವಿಲಿಯಮ್ಸ್ 1955ರಲ್ಲಿ ವೇಲ್ಸ್‌ನ ರಾಷ್ಟ್ರೀಯ ಯುವ ಆರ್ಕೆಸ್ಟ್ರಾಗೆ ಅದೇ ಹೆಸರಿನ ಕೃತಿ ಬರೆದರು. ಅದನ್ನು ಕೇಳುತ್ತಾ ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಎಲ್ಲಿ ಬೀಳುತ್ತದೆ ಅಂತ ತಾಳ ಹಾಕಿ ಗುರುತು ಮಾಡಿದೆ, ಹತ್ತು ಹದಿನೈದು ಸಂಜೆ ಹೋಯಿತು. ತಾಳ ಶುರುವಾದ ಮೇಲೆ ಹಾಡು ಬರುವ ನಮ್ಮ ಅನಾಗತ ಎಡುಪು ಗೊತ್ತಿದ್ದವರಿಗೆ ಆ ತಡವಾದ ಪ್ರವೇಶ ತಕ್ಷಣ ಹಿಡಿಯುತ್ತದೆ. ಪಾರ್ಟ್ ಕೆಲಸಕ್ಕೆ ನೇರ ಉಪಯೋಗ ಆಗಲಿಲ್ಲ. ಆದರೆ ನನ್ನ ಪೀಸ್‌ನಲ್ಲಿ ಟ್ರಂಪೆಟ್ ಒಂದು ಬೀಟ್ ತಡವಾಗಿ ಬರುವ ಜಾಗವನ್ನು 'ಬರೆಯುವಾಗ ಜರುಗಿದೆ' ಅಂತ ಇಬ್ಬರು ಹೇಳಿದರೂ ನಾನು ಮುಟ್ಟಲಿಲ್ಲ. ಹಳೆಯ ಟ್ರಂಪೆಟ್ ಪಾರ್ಟ್ ಕೊನೆಗೆ ಸಿಕ್ಕಾಗ ಅದರಲ್ಲೂ ಹಾಗೇ ಇತ್ತು.

ಪ್ರಿಂಟ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಸ್ಟಾಫ್ (ನೋಟ್ ಬರೆಯುವ ಐದು ಗೆರೆಗಳ ಸಾಲು) ಎತ್ತರ 7.5 ಮಿಲಿಮೀಟರ್, ಕಾಗದ 120 ಜಿಎಸ್‌ಎಮ್, ಪುಟ ತಿರುಗಿಸುವುದು ರೆಸ್ಟ್ (ನುಡಿಸದೇ ಸುಮ್ಮನಿರುವ ಹೊತ್ತು) ಇರುವ ಕಡೆ. ಎ4 ಹಾಳೆಗೆ ಇಳಿಸಿದರೆ ವಯಸ್ಸಾದ ವಾದಕರು ಬೈಯುತ್ತಾರೆ, ದೊಡ್ಡ ಹಾಳೆಗೇ ಹೋಗಿ. ಪ್ರಿಂಟ್ ಮತ್ತು ಬೈಂಡಿಂಗ್‌ಗೆ ಸುಮಾರು 140 ಪೌಂಡ್. ನೊಟೇಶನ್ ಮ್ಯೂಸ್‌ಸ್ಕೋರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಅದಕ್ಕೆ ಖರ್ಚಿಲ್ಲ.

ಒಟ್ಟು ಮುನ್ನೂರು ಗಂಟೆ ಇರಬಹುದು. ಎಂಟು ನಿಮಿಷಕ್ಕೆ.

ರಿಹರ್ಸಲ್ ದಿನ ಸಿಕ್ಕ ಮೂರು ತಪ್ಪಿನಲ್ಲಿ ಎರಡು ನನ್ನವು: ವಯೋಲಾದಲ್ಲಿ ಒಂದು ನ್ಯಾಚುರಲ್ (ಶಾರ್ಪ್, ಫ್ಲಾಟ್ ರದ್ದು ಮಾಡುವ ಗುರುತು), ಟಿಂಪನಿಯಲ್ಲಿ ಒಂದು ಬಾರ್ ರೆಸ್ಟ್ ಜಾಸ್ತಿ. ಮೂರನೆಯದು ಸೆಕೆಂಡ್ ಹಾರ್ನ್‌ನಲ್ಲಿ. ಸ್ಕೋರ್‌ನಲ್ಲೂ ಹಳೆಯ ಪಾರ್ಟ್‌ನಲ್ಲೂ ಇ ಇದೆ, ಕಿವಿಗೆ ಇ ಫ್ಲಾಟ್ ಬೇಕು ಅನ್ನಿಸುತ್ತದೆ. ಕಂಡಕ್ಟರ್ ನನ್ನ ಕಡೆ ನೋಡಿದರು. ಇ ಅಂತಲೇ ನುಡಿಸಿ ಅಂದೆ. ಮಾರ್ಚ್‌ನಲ್ಲಿ ಮತ್ತೆ ಅಬರಿಸ್ಟ್‌ವಿತ್‌ಗೆ ಹೋಗುತ್ತಿದ್ದೇನೆ, ಸ್ಕೆಚ್ ಹಾಳೆಯಲ್ಲಿ ಆ ಒಂದು ಬಾರ್ ಇದೆಯಾ ಅಂತ ನೋಡಲು.