ಕಂಪನಿಯ ಲೀಗಲ್ ಟೀಮ್‌ನಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆ?

ಲೀಗಲ್‌ನವರ ಹತ್ತಿರ ಹೋದರೆ ಫೈಲು ಅಲ್ಲೇ ಕೂರುತ್ತದೆ ಎಂಬ ಮಾತು ಎಲ್ಲ ದೊಡ್ಡ ಕಂಪನಿಗಳಲ್ಲೂ ಇದೆ. ಬೆಂಗಳೂರಿನ ಒಂದು ಕಂಪನಿಯ ಲೀಗಲ್‌ನಲ್ಲಿ ಹನ್ನೆರಡು ವರ್ಷ ಇದ್ದವಳು ನಾನು. ತಡ ಆಗುತ್ತಿದ್ದದ್ದು ನಿಜ. ಆದರೆ ಎಷ್ಟೋ ಫೈಲು ನಮ್ಮ ಟೇಬಲ್‌ಗೆ ಬರುವಾಗಲೇ ತಡವಾಗಿರುತ್ತಿತ್ತು. ನೀವು ಸೇಲ್ಸ್‌ನಲ್ಲೋ ಅಕೌಂಟ್ಸ್‌ನಲ್ಲೋ ಇದ್ದರೆ ಹೀಗೆ ಮಾಡಿ ನೋಡಿ.

1. ಮಾತು ಕೊಡುವ ಮೊದಲೇ ಬನ್ನಿ

ಮಾರ್ಚ್ 31ರ ಸಂಜೆ ಅಗ್ರಿಮೆಂಟ್ ತಂದು, 'ಸುಮ್ನೆ ಒಂದ್ಸಲ ಕಣ್ಣಾಡಿಸಿ ಮೇಡಂ, ಇವತ್ತೇ ಸೈನ್ ಆಗಬೇಕು' ಅನ್ನುವವರು ಪ್ರತಿ ವರ್ಷ ಇರುತ್ತಿದ್ದರು. ಅಷ್ಟರಲ್ಲಿ ಎದುರಿನವರಿಗೆ ಎಲ್ಲ ಒಪ್ಪಿಕೊಂಡು ಆಗಿರುತ್ತದೆ. ಆಮೇಲೆ ನಾವು ಏನು ಬದಲಿಸಿದರೂ ಜಗಳವೇ.

ಬರೀ ವರ್ಡ್ ಫೈಲ್ ಕಳಿಸಬೇಡಿ. ಯಾರ ಜೊತೆ, ಯಾವ ಕೆಲಸಕ್ಕೆ, ಎಷ್ಟು ದುಡ್ಡು, ಯಾವಾಗ ಮುಗಿಯಬೇಕು ಅಂತ ನಾಲ್ಕು ಸಾಲು ಬರೆಯಿರಿ. ನಿಮಗಿರುವ ಅಳುಕನ್ನೂ ಬರೆಯಿರಿ. 'ಈ ವೆಂಡರ್ ಹಿಂದೆ ಎರಡು ಸಲ ಕೈಕೊಟ್ಟಿದ್ದಾರೆ' ಎಂದು ಗೊತ್ತಾದರೆ, ತಡವಾದ ಪ್ರತಿ ವಾರಕ್ಕೂ ಬಿಲ್‌ನಲ್ಲಿ ಇಷ್ಟು ಕಡಿತ ಎಂಬ ಸಾಲನ್ನು ವಕೀಲರು ಸೇರಿಸುತ್ತಾರೆ. ಗೊತ್ತಾಗದಿದ್ದರೆ ಮಾಮೂಲಿ ನಮೂನೆಯೇ ಗತಿ.

2. ಕಾಗದ ಬಂದ ದಿನವೇ ತಿಳಿಸಿ

ಎಲ್ಲಕ್ಕಿಂತ ಜಾಸ್ತಿ ನಷ್ಟ ಆಗುವುದು ಇಲ್ಲೇ. ನೋಟಿಸ್ ಬಂದರೆ ಕವರ್ ಎಸೆಯಬೇಡಿ, ಅದರ ಮೇಲೆ ಬಂದ ತಾರೀಖು ಬರೆದಿಡಿ. ನೀವೇ ಉತ್ತರ ಕೊಡಲು ಹೋಗಬೇಡಿ.

ಚೆಕ್ ಬೌನ್ಸ್ ತಗೊಳ್ಳಿ. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ದುಡ್ಡು ಕಟ್ಟಲು ಚೆಕ್ ಕೊಟ್ಟವರಿಗೆ 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳಲ್ಲಿ ಕೋರ್ಟಿಗೆ ದೂರು. ನಮ್ಮಲ್ಲಿ ಒಮ್ಮೆ ಚೆಕ್ ಬೌನ್ಸ್ ಆಯಿತು ಎಂಬ ಬ್ಯಾಂಕಿನ ಮೆಮೊ ಬಿಲ್ಲುಗಳ ಕಟ್ಟಿನಲ್ಲಿ ಸೇರಿ, ನಲವತ್ತು ದಿನದ ಮೇಲೆ ಕೈಗೆ ಸಿಕ್ಕಿತು. ಪಿನ್ ಹೊಡೆದ ಜಾಗ ಆಗಲೇ ತುಕ್ಕು ಹಿಡಿದಿತ್ತು. ಪುಣ್ಯಕ್ಕೆ ಚೆಕ್‌ಗೆ ಮೂರು ತಿಂಗಳು ತುಂಬಿರಲಿಲ್ಲ. ಮತ್ತೆ ಬ್ಯಾಂಕಿಗೆ ಹಾಕಿಸಿ, ಮತ್ತೆ ಬೌನ್ಸ್ ಆದ ಮೇಲೆ ನೋಟಿಸ್ ಕಳಿಸಿದೆವು. ಇನ್ನೆರಡು ವಾರ ಕಳೆದಿದ್ದರೆ ಆ ದಾರಿಯೂ ಮುಚ್ಚುತ್ತಿತ್ತು.

3. ಮೇಲ್‌ನಲ್ಲಿ ನಡೆದದ್ದನ್ನಷ್ಟೇ ಬರೆಯಿರಿ

ಕಂಪನಿ ವಕೀಲರಿಗೆ ಬರೆದದ್ದೆಲ್ಲ ಗುಟ್ಟಾಗಿ ಉಳಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ವಕೀಲರಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 49ನೇ ನಿಯಮದ ಪ್ರಕಾರ, ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದವರು ವಕೀಲಿಕೆ ಮಾಡುವಂತಿಲ್ಲ. ಹಾಗಾಗಿಯೇ ಕೋರ್ಟ್‌ನಲ್ಲಿ ವಾದಿಸಲು ಹೊರಗಿನ ವಕೀಲರು ಬೇಕು. ಇದೇ ಕಾರಣ ಕೊಟ್ಟು 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ವಕೀಲರು ಮತ್ತು ಕಕ್ಷಿದಾರರ ಮಾತುಕತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕೊಡುವ ರಕ್ಷಣೆ ಕಂಪನಿಯೊಳಗಿನ ವಕೀಲರಿಗೆ ಸಿಗದು ಎಂದಿತು.

ಮುಚ್ಚಿಡಿ ಅಂತ ಹೇಳುತ್ತಿಲ್ಲ. 'ಬಹುಶಃ ನಮ್ಮದೇ ತಪ್ಪಿರಬೇಕು' ಎಂಬ ಊಹೆ ಬೇಡ. 'ಮಾಲು 12ಕ್ಕೆ ಹೋಗಬೇಕಿತ್ತು, 19ಕ್ಕೆ ಹೋಯಿತು' ಅಂತ ಬರೆಯಿರಿ. ವಿಷಯ ದೊಡ್ಡದಾಗಿದ್ದರೆ ಹೊರಗಿನ ವಕೀಲರನ್ನು ಯಾವಾಗ ಸೇರಿಸಬೇಕು ಎಂದು ಮೊದಲೇ ಕೇಳಿ.

4. ನಿಮ್ಮ ಸ್ವಂತ ವಿಷಯಕ್ಕೆ ಬೇರೆ ಬಾಗಿಲು

ಇದನ್ನು ಹೇಳುವಾಗ ಪ್ರತಿ ಸಲ ನನಗೆ ಸಂಕಟ ಆಗುತ್ತಿತ್ತು. ಜೊತೆಗೆ ಊಟ ಮಾಡುವ ಗೆಳತಿ ಬಂದು, 'ಸೇರುವಾಗ ಬರೆದುಕೊಟ್ಟ ಬಾಂಡ್ ಮುರಿದು ಕೆಲಸ ಬಿಟ್ಟರೆ ಏನಾಗುತ್ತೆ ಕಣೇ?' ಅಂದರೆ ನಾನು ಉತ್ತರಿಸುವಂತಿರಲಿಲ್ಲ. ನನ್ನ ಕಕ್ಷಿದಾರ ಕಂಪನಿ, ಅವಳಲ್ಲ. ಬಾಂಡ್, ನೋಟಿಸ್ ಪೀರಿಯಡ್, ಬಾಕಿ ಸಂಬಳದ ತಕರಾರಿಗೆ ನಿಮ್ಮದೇ ವಕೀಲರನ್ನು ನೋಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದರೆ ಲೀಗಲ್‌ಗೆ ಕಾಯಬೇಡಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಅಲ್ಲಿಗೆ ಬರವಣಿಗೆಯಲ್ಲಿ ದೂರು ಕೊಡಿ. ಬರೆಯಲು ಆಗದಿದ್ದರೆ ನೆರವು ಕೊಡುವುದು ಸಮಿತಿಯ ಹೊಣೆ.