ಅಕ್ಷರ ಆಮೇಲೆ ಓದಿ, ಮೊದಲು ತೂತು ನೋಡಿ: ಹಳೆಯ ಪುಟ್ಟ ಪವರ್‌ಬೋಟುಗಳನ್ನು ಪತ್ತೆ ಮಾಡುವ ಬಗೆ

ನಾನು ದುಡ್ಡು ಕೊಟ್ಟು ತಂದ ಮೊದಲ ಹಳೆ ಬೋಟಿನ ಎರಡೂ ಪಕ್ಕದಲ್ಲಿ ಡಾಂಜಿ ಅಂತ ಕ್ರೋಮ್ ಅಕ್ಷರಗಳಿದ್ದವು. 16 ಅಡಿ ಉದ್ದ, ಚೂಪು ಮೂತಿ, ಆಳವಾದ ವಿ ಆಕಾರದ ತಳ. ಡಾನ್ ಆರೊನೊ 1964ರಲ್ಲಿ ಶುರು ಮಾಡಿದ ಕಂಪನಿಯ ಬೋಟು ನನ್ನ ಪಾಲಿಗೆ ಬಂತಲ್ಲ ಅಂತ ಕುಣಿದಾಡಿದೆ. ಮೂರು ವಾರ ಆದ ಮೇಲೆ ತೊಳೆಯೋಕೆ ಅಂತ ಅಕ್ಷರಗಳನ್ನು ಬಿಚ್ಚಿದೆ. ಅದರಡಿಯ ಜೆಲ್‌ಕೋಟ್, ಅಂದರೆ ಫೈಬರ್‌ಗ್ಲಾಸ್ ಮೇಲಿನ ಬಣ್ಣದ ಪದರ, ಸುತ್ತಮುತ್ತಲಿನಷ್ಟೇ ಮಾಸಿತ್ತು. ಅಕ್ಷರ ನಲವತ್ತು ವರ್ಷ ಅಲ್ಲೇ ಕೂತಿದ್ದರೆ ಅದರ ಕೆಳಗೆ ಬಣ್ಣ ಹೊಸದರ ಹಾಗೆ ಇರಬೇಕಿತ್ತು, ಅಲ್ವಾ? ಫೈಬರ್‌ಗ್ಲಾಸ್ ಅಚ್ಚು ಮಾಡೋದೇ ನನ್ನ ಕಸುಬು. ಆದರೂ ಟೋಪಿ ಹಾಕಿಸಿಕೊಂಡೆ.

ಹಾಗಾಗಿ ಮೊದಲು ನಕಲಿನ ವಿಷಯವೇ ಹೇಳಿಬಿಡುತ್ತೇನೆ. ಒಂದು ಒಳ್ಳೆ ಬೋಟು ತಂದು, ಮೇಣ ಬಳಿದು, ಅದರ ಮೇಲೇ ರೆಸಿನ್ ಹಾಕಿ ಅಚ್ಚು ತೆಗೆದರೆ ಆಯಿತು, ಅದೇ ಆಕಾರದ ಬೋಟು ಎಷ್ಟು ಬೇಕಾದರೂ ಇಳಿಸಬಹುದು. ಇದಕ್ಕೆ ಸ್ಪ್ಲ್ಯಾಶ್ ಅಂತಾರೆ. ಅಮೆರಿಕದಲ್ಲಿ ಇದು ಎಷ್ಟು ಜಾಸ್ತಿ ನಡೆಯಿತು ಅಂದರೆ, ಫ್ಲಾರಿಡಾ ರಾಜ್ಯ 1983ರಲ್ಲಿ ಇದನ್ನು ತಡೆಯೋಕೆ ಕಾನೂನನ್ನೇ ತಂದಿತು. ಬೊನಿಟೊ ಬೋಟ್ಸ್ ಅನ್ನುವ ಕಂಪನಿ ಹಾಕಿದ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1989ರಲ್ಲಿ ಆ ಕಾನೂನು ಬಿದ್ದುಹೋಯಿತು. ಬೋಟಿನ ಒಡಲಿನ ವಿನ್ಯಾಸಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ರಕ್ಷಣೆ ಸಿಕ್ಕಿದ್ದು 1998ರಲ್ಲಿ. ಅಂದರೆ 60, 70ರ ದಶಕದ ಹೆಸರುವಾಸಿ ಬೋಟುಗಳಿಗೆಲ್ಲ ಅಣ್ಣತಮ್ಮಂದಿರು ಇದ್ದಾರೆ. ಗ್ಲಾಸ್‌ಪಾರ್ ಜಿ3 ಅನ್ನೋ ಸ್ಕೀ ಬೋಟಿನ ನಕಲುಗಳು ಬೇಕಾದಷ್ಟಿವೆ. ಡಾಂಜಿಯ 16 ಅಡಿಯದ್ದೂ ಅಷ್ಟೇ.

ನಕಲನ್ನು ಹಿಡಿಯೋದು ಕೈಯಿಂದ, ಕಣ್ಣಿಂದಲ್ಲ. ತಳದಲ್ಲಿ ಉದ್ದಕ್ಕೆ ಓಡುವ ಏಣುಗಳ ಅಂಚಿನ ಮೇಲೆ ಬೆರಳು ಆಡಿಸಿ. ಅಸಲಿಯಲ್ಲಿ ಅಂಚು ಚುರುಕಾಗಿರುತ್ತದೆ. ನಕಲಿ ಅಚ್ಚನ್ನು ಉಜ್ಜಿ ಉಜ್ಜಿ ನಯ ಮಾಡಿರುತ್ತಾರೆ, ಅಂಚು ಬಳಸಿದ ಸೋಪಿನ ಹಾಗೆ ದುಂಡಗಾಗಿರುತ್ತದೆ. ಮೂಲ ಬೋಟಿನಲ್ಲಿ ಕ್ಲೀಟ್ (ಹಗ್ಗ ಕಟ್ಟುವ ಕೊಂಡಿ) ಇದ್ದ ಜಾಗದ ತೂತು ಮುಚ್ಚಿದ್ದರೆ, ಆ ಮುಚ್ಚಿದ ಗುರುತೂ ಕೆಲವೊಮ್ಮೆ ಅಚ್ಚಿನಲ್ಲಿ ಮೂಡಿ ನಕಲಿಗೆ ಇಳಿದಿರುತ್ತದೆ. ನನ್ನ ಬೋಟಿನ ಮೂತಿಯ ಹತ್ತಿರ ಹಾಗೆ ಎರಡು ಸಣ್ಣ ತಗ್ಗುಗಳಿದ್ದವು. ಒಳಗಿನ ಕಡೆಯಿಂದ ನೋಡಿದರೆ ಅಲ್ಲಿ ತೂತೇ ಇಲ್ಲ! ಯಾವುದೋ ಬೇರೆ ಬೋಟಿನ ಗಾಯದ ಕಲೆ ಅದು. ನಕಲಿ ಅಂದ ಮಾತ್ರಕ್ಕೆ ಕೆಟ್ಟ ಬೋಟು ಅಂತೇನಿಲ್ಲ, ನನ್ನದು ನೀರಿನ ಮೇಲೆ ಚೆನ್ನಾಗೇ ಓಡುತ್ತದೆ. ಆದರೆ ಅಸಲಿಯ ಬೆಲೆ ಕೊಡಬೇಡಿ.

ತೂತುಗಳಿಗೆ ಬರೋಣ. ಪ್ರತಿ ತಯಾರಕನೂ ಗಾಜಿನ ಪರದೆ, ದೀಪ, ಹಿಡಿಕೆಗಳನ್ನು ಒಂದೇ ಅಳತೆಗೆ ಕೊರೆಯುತ್ತಿದ್ದ. ಸಾಮಾನು ಕಳೆದುಹೋಗಬಹುದು, ತೂತು ಹೋಗಲ್ಲ. ಡೆಕ್ಕಿನ ಮೇಲೆ ತೆಳು ಕಾಗದ ಹರಡಿ, ತೂತುಗಳ ನಡುವಿನ ಅಂತರವನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಬನ್ನಿ. ಗ್ಯಾರಂಟಿಯಾಗಿ ಅಸಲಿ ಅಂತ ಗೊತ್ತಿರುವ ಒಂದು ಬೋಟಿನ ಪಕ್ಕ ಹಿಡಿದು ನೋಡಿದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನನ್ನ ಹತ್ತಿರ ಈಗ ಇಂಥ ಕಾಗದದ ಸುರುಳಿಗಳು ಒಂದು ಕೊಳವೆ ತುಂಬ ಇವೆ. ಮನೆಯವರು ಅದನ್ನು ಜಾತಕದ ಪೆಟ್ಟಿಗೆ ಅಂತ ಕರೀತಾರೆ.

ಈಗ ನಂಬರು. 1972ರ ನವೆಂಬರ್ 1ರಿಂದ ಅಮೆರಿಕದ ಬೋಟುಗಳಿಗೆ 12 ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆ ಕಡ್ಡಾಯವಾಯಿತು. ಬೋಟಿನ ಹಿಂಬದಿ ಹಲಗೆಯಲ್ಲಿ, ಬಲಗಡೆ ಮೇಲಿನ ಮೂಲೆಯಲ್ಲಿ ಹುಡುಕಿ. ಮೊದಲ ಮೂರು ಅಕ್ಷರ ತಯಾರಕನದ್ದು, ನಂತರದ ಐದು ಬೋಟಿನ ಕ್ರಮಸಂಖ್ಯೆ, ಕೊನೆಯ ನಾಲ್ಕು ಕಾಲದ್ದು. ಜನ ಎಡವೋದು ಈ ಕೊನೆಯ ನಾಲ್ಕರಲ್ಲಿ. 1984ಕ್ಕೆ ಮುಂಚೆ ಎರಡು ಪದ್ಧತಿ ಇದ್ದವು. ಒಂದರಲ್ಲಿ ನೇರವಾಗಿ ತಿಂಗಳು, ವರ್ಷ: 0573 ಅಂದರೆ 1973ರ ಮೇ. ಇನ್ನೊಂದು ಎಂ ಅಕ್ಷರದಿಂದ ಶುರು: ಎಂ, 74, ಎ. ಇದು 1974ರ ಮಾಡೆಲ್. ಆದರೆ ಇಲ್ಲಿ ಎ ಅಂದರೆ ಜನವರಿ ಅಲ್ಲ, ಆಗಸ್ಟ್! ಬೋಟಿನವರ ವರ್ಷ ಶುರುವಾಗುತ್ತಿದ್ದದ್ದೇ ಆಗಸ್ಟ್‌ನಲ್ಲಿ. ಅಂದರೆ ಅದು ತಯಾರಾದದ್ದು 1973ರ ಆಗಸ್ಟ್. 1984ರ ನಂತರದ ಪದ್ಧತಿಯಲ್ಲಿ ಎ ಮತ್ತೆ ಜನವರಿ ಆಯಿತು. ಆ ಮೂರಕ್ಷರದ ಕೋಡು ಯಾರದ್ದು ಅಂತ ಅಮೆರಿಕದ ಕೋಸ್ಟ್ ಗಾರ್ಡ್ ಪಟ್ಟಿಯಲ್ಲಿ ನೋಡಬಹುದು. ಮುಚ್ಚಿಹೋದ ಕಂಪನಿಯ ಕೋಡನ್ನು ಬೇರೆಯವರಿಗೆ ಕೊಟ್ಟಿರೋದೂ ಉಂಟು, ಹಾಗಾಗಿ ಆ ಹೆಸರಿನ ಜೊತೆಗಿರುವ ವರ್ಷವನ್ನೂ ನೋಡಿ.

1972ಕ್ಕಿಂತ ಹಳೆಯದಾದರೆ ತಯಾರಕ ತನಗೆ ತೋಚಿದಲ್ಲಿ ತೋಚಿದ ನಂಬರು ಹೊಡೆದಿರುತ್ತಾನೆ. ಮರದ ಬೋಟಿನಲ್ಲಿ ಎಂಜಿನ್ ಕೂರುವ ಉದ್ದ ತೊಲೆ, ಹ್ಯಾಚ್ ಮುಚ್ಚಳದ ಹಿಂಬದಿ, ಇಂಥ ಕಡೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕ್ರಿಸ್-ಕ್ರಾಫ್ಟ್ ಆಗಿದ್ದರೆ ಅದೃಷ್ಟ ನಿಮ್ಮದು. ಆ ಕಂಪನಿಯ ಹಳೆ ದಾಖಲೆಗಳು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮರಿನರ್ಸ್ ಮ್ಯೂಸಿಯಂನಲ್ಲಿವೆ. ನಂಬರು ಕೊಟ್ಟರೆ ಆ ಬೋಟಿನ ಕಾರ್ಡಿನ ಪ್ರತಿ ತರಿಸಿಕೊಳ್ಳಬಹುದು: ಯಾವ ಎಂಜಿನ್ ಕೂರಿಸಿದ್ದರು, ಯಾವಾಗ ಕಳಿಸಿದ್ದರು, ಯಾರಿಗೆ ಕಳಿಸಿದ್ದರು ಅಂತ. ಆದರೆ ಅದೇ ಕಂಪನಿ 1950ರ ದಶಕದಲ್ಲಿ ಬಿಡಿಭಾಗಗಳ ಕಿಟ್ ಕೂಡ ಮಾರುತ್ತಿತ್ತು. ಜನ ಮನೆಯಲ್ಲೇ ಜೋಡಿಸಿದ ಬೋಟುಗಳು ಅವು. ಹೆಸರು ಅಸಲಿ, ಕೆಲಸ ಯಾರದೋ ಗ್ಯಾರೇಜಿನದ್ದು. ಪತ್ರಿಕೆಗಳಲ್ಲಿ ಬಂದ ನಕ್ಷೆ ನೋಡಿ ಮಾಡಿದ ಪ್ಲೈವುಡ್ ಬೋಟುಗಳಂತೂ ಎಣಿಕೆಗೆ ಸಿಗಲ್ಲ. ನಂಬರೂ ಇಲ್ಲ, ಎಡಬಲದ ತೂತುಗಳೂ ಒಂದಕ್ಕೊಂದು ಹೊಂದಲ್ಲ ಅಂದರೆ ಮನೆಯಲ್ಲೇ ಮಾಡಿದ್ದು ಅಂತಲೇ ಅಂದುಕೊಳ್ಳಿ.

ಎಂಜಿನ್ ನೋಡಿ ಬೋಟಿನ ವಯಸ್ಸು ಹೇಳಬೇಡಿ. ಎಂಜಿನ್ ಬದಲಾಗುತ್ತಲೇ ಇರುತ್ತದೆ. ಆದರೂ ತಿಳಿದಿರಲಿ ಅಂತ ಒಂದು ಉಪಾಯ ಹೇಳುತ್ತೇನೆ. 1980ರಿಂದ ಜಾನ್ಸನ್, ಎವಿನ್‌ರೂಡ್ ಔಟ್‌ಬೋರ್ಡ್‌ಗಳ (ಬೋಟಿನ ಹಿಂದೆ ಹೊರಗಡೆ ತೂಗುಹಾಕುವ ಮೋಟಾರುಗಳ) ಮಾಡೆಲ್ ಸಂಖ್ಯೆಯ ಕೊನೆಯ ಹತ್ತಿರ ಬರುವ ಎರಡು ಅಕ್ಷರ ವರ್ಷ ಹೇಳುತ್ತವೆ. ಇಂಟ್ರೊಡ್ಯೂಸಸ್ (INTRODUCES) ಅನ್ನುವ ಇಂಗ್ಲಿಷ್ ಪದದ ಹತ್ತು ಅಕ್ಷರಗಳಿಗೆ ಸಾಲಾಗಿ 1ರಿಂದ 9, ಕೊನೆಯದಕ್ಕೆ 0. ಆ ಲೆಕ್ಕದಲ್ಲಿ ಸಿ ಅಂದರೆ 8, ಓ ಅಂದರೆ 5. ಸಿಓ ಇದ್ದರೆ 1985. ಅಷ್ಟೇ.

ಹಳೆಯದೆಲ್ಲ ಅಪರೂಪ ಅಲ್ಲ. ಬಾಸ್ಟನ್ ವೇಲರ್‌ನ 13 ಅಡಿ ಬೋಟು 1958ರಿಂದ ಬಂದದ್ದು, ಈಗಲೂ ಹುಡುಕಿದರೆ ಸಿಗುತ್ತದೆ. ಕ್ರಿಸ್-ಕ್ರಾಫ್ಟ್ ಕೋಬ್ರಾ ಬಂದದ್ದು 1955ರಲ್ಲಿ, ಒಂದೇ ವರ್ಷ. ಹಿಂದೆ ಬಂಗಾರದ ಬಣ್ಣದ ಫೈಬರ್ ರೆಕ್ಕೆ ಇರುವುದು ಅದರ ಗುರುತು. ಹಾಗಾಗಿ ರೆಕ್ಕೆ ಹಚ್ಚಿ ಹೊಸದಾಗಿ ಮಾಡಿದವೂ ಇವೆ. ರೀವಾ ಆಕ್ವರಾಮಾ ಅನ್ನುವ ಇಟಲಿಯ ದುಬಾರಿ ಮರದ ಬೋಟು ಯಾರದೋ ಹಿತ್ತಲಿನ ಹುಲ್ಲಿನಲ್ಲಿ ಸಿಗುತ್ತದೆ ಅಂತ ಮಾತ್ರ ಕನಸು ಕಾಣಬೇಡಿ.

ಹುಡುಕೋದು ಎಲ್ಲಿ? ಒಳ್ಳೆ ಬೋಟು ಮಾರುವವನಿಗೆ ಎಷ್ಟೋ ಸಲ ತನ್ನ ಹತ್ತಿರ ಇರೋದು ಏನಂತ ಗೊತ್ತಿರಲ್ಲ. ಅವನು ಜಾಹೀರಾತಿನಲ್ಲಿ ಹೆಸರು ಹಾಕಲ್ಲ. ಹಳೆ ಮೋಟಾರು, ಜೊತೆಗೆ ಬೋಟು ಉಚಿತ ಅಂತ ಹಾಕುತ್ತಾನೆ. ಟ್ರೇಲರ್ ಮಾರಾಟಕ್ಕಿದೆ ಅಂತ ಹಾಕಿ, ಮೇಲೆ ಕೂತ ಬೋಟಿನ ಬಗ್ಗೆ ಒಂದು ಮಾತೂ ಹೇಳಿರಲ್ಲ. ಹಾಗಾಗಿ ನಾನು ಮೋಟಾರು ಮತ್ತು ಟ್ರೇಲರ್‌ಗಳ ಪಟ್ಟಿಯನ್ನೇ ನೋಡೋದು. ಬ್ರಾಂಡಿನ ಹೆಸರನ್ನು ತಪ್ಪು ಸ್ಪೆಲ್ಲಿಂಗ್‌ನಲ್ಲೂ ಹುಡುಕುತ್ತೇನೆ. ಫೋಟೊದಲ್ಲಿ ಬೋಟಿನ ಮೂಲೆ ಮಾತ್ರ ಕಂಡರೂ ಸಾಕು.

ಮನುಷ್ಯರಲ್ಲಿ ಕೇಳೋದಾದರೆ ಬೋಟಿನ ಸೀಟು ಹೊಲಿಯುವವರನ್ನು, ಹಳೇ ಔಟ್‌ಬೋರ್ಡ್ ಮೆಕ್ಯಾನಿಕ್‌ಗಳನ್ನು ಕೇಳಿ. ಇಪ್ಪತ್ತು ವರ್ಷದ ಹಿಂದೆ ರಿಪೇರಿಗೆ ಬಂದು, ಮತ್ತೆ ಬಾರದ ಬೋಟು ಯಾವುದು ಅಂತ ಅವರಿಗೆ ನೆನಪಿರುತ್ತದೆ. ನಿರ್ದಿಷ್ಟ ಬೋಟಿನ ಬೆನ್ನು ಹತ್ತಿದ್ದರೆ ಮೂತಿಯ ಎರಡು ಪಕ್ಕ ನೋಡಿ. ಅಮೆರಿಕದಲ್ಲಿ 1958ರ ಕಾನೂನು ಬಂದ ಮೇಲೆ ಬೋಟುಗಳ ನೋಂದಣಿ ಸಂಖ್ಯೆ ರಾಜ್ಯದ ಎರಡಕ್ಷರದಿಂದ ಶುರುವಾಯಿತು. ಸ್ಟಿಕ್ಕರ್ ಕಿತ್ತಿದ್ದರೂ, ಮೇಲೆ ಬಣ್ಣ ಬಳಿದಿದ್ದರೂ ಸಂಜೆಯ ಓರೆ ಬೆಳಕಿಗೆ ಅಕ್ಷರದ ನೆರಳು ಎದ್ದು ಕಾಣುತ್ತದೆ. ಬೋಟು ಯಾವ ರಾಜ್ಯದಿಂದ ಬಂತು ಅಂತ ಅಲ್ಲಿಂದ ಗೊತ್ತಾಗುತ್ತದೆ. ಇನ್ನೊಂದು ವಿಷಯ, ಕಾಗದದಲ್ಲಿರುವ ನಂಬರೂ ಒಡಲಿನ ನಂಬರೂ ಹೊಂದದಿದ್ದರೆ ಎಷ್ಟೇ ಆಸೆಯಾದರೂ ವಾಪಸ್ ಬನ್ನಿ.

ನೋಡಲು ಹೋಗುವಾಗ ಟೇಪು, ಟಾರ್ಚ್, ಸಣ್ಣ ಕನ್ನಡಿ, ಪೆನ್ಸಿಲ್, ಕಾಗದ, ಒಂದು ಪ್ಲಾಸ್ಟಿಕ್ ಸುತ್ತಿಗೆ ಇರಲಿ. ಹಿಂಬದಿ ಹಲಗೆಯ ಮೇಲೆ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ದಪ್ ಅಂದರೆ ಒಳಗಿನ ಪ್ಲೈವುಡ್ ಕೊಳೆತಿದೆ. ವೇಲರ್ ತರಹ ಒಳಗೆಲ್ಲ ಫೋಮ್ ತುಂಬಿದ ಬೋಟಾದರೆ ತೂಕ ಹಾಕಿಸಿ, ಫೋಮ್ ನೀರು ಕುಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಟ್ರೇಲರ್ ಮಾತ್ರ ಮೊದಲ ಸಲ ಮನೆಯಲ್ಲೇ ಬಿಟ್ಟು ಹೋಗಿ. ಡಾಂಜಿ ಅಂತ ಅಕ್ಷರ ಇದ್ದ ಬೋಟನ್ನು ನೋಡಲು ಹೋದಾಗ ನಾನು ಅದನ್ನು ಕಟ್ಟಿಕೊಂಡೇ ಹೋಗಿದ್ದೆ.